ಅಪ್ಪನಿಗೆ ಹೊಟ್ಟೆ ಕ್ಯಾನ್ಸರ್: ಮೊದಲು ಕೀಮೋನಾ, ಆಪರೇಷನ್ನಾ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ತಿಪಟೂರಿನ ಹತ್ತಿರ ತೆಂಗಿನ ತೋಟ ಇದೆ. ಆರು ತಿಂಗಳಿಂದ ನಾಲ್ಕು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ಕೊಡಿಸಿಕೊಂಡೇ ಬಂದೆವು. ತೂಕ ಒಂಬತ್ತು ಕೆಜಿ ಇಳಿಯಿತು. ಮಲ ಕಪ್ಪಗೆ ಹೋಗತೊಡಗಿತು. ಹಿಮೋಗ್ಲೋಬಿನ್ 7.8 ಇದೆ. ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಹುಣ್ಣಿನಂಥ ಗಡ್ಡೆ ಕಂಡಿತು, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ ಎಂದು ಬಂತು. ಸಿಟಿ ಸ್ಕ್ಯಾನ್ ಪ್ರಕಾರ ಜಠರದ ಗೋಡೆ ದಪ್ಪಗಾಗಿದೆ, ಪಕ್ಕದ ಕೆಲವು ಗಂಟುಗಳು ಊದಿವೆ, ಲಿವರ್ ಮತ್ತು ಶ್ವಾಸಕೋಶ ಚೆನ್ನಾಗಿವೆ. ಒಬ್ಬ ಸರ್ಜನ್ ‘ಅಡ್ವಾನ್ಸ್ಡ್ ಆಗಿದೆ, ಮುಂದಿನ ವಾರವೇ ಆಪರೇಷನ್ ಮಾಡೋಣ’ ಎಂದರು. ಇನ್ನೊಬ್ಬರು ‘ಮೊದಲು ಎರಡು ತಿಂಗಳು ಕೀಮೋ, ಆಮೇಲೆ ಆಪರೇಷನ್’ ಎಂದರು. ನೆಂಟರು ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ, ಬೇಡವೇ ಬೇಡ ಅನ್ನುತ್ತಾರೆ. ಪಕ್ಕದ ಊರಿನವರೊಬ್ಬರಿಗೆ ಹೊಟ್ಟೆ ಕೊಯ್ದು ಹಾಗೇ ಹೊಲಿದು ಕಳಿಸಿದ್ದರಂತೆ, ಮೂರೇ ತಿಂಗಳಲ್ಲಿ ಹೋದರಂತೆ. ಯಾರ ಮಾತು ಕೇಳಬೇಕು? ಹೊಟ್ಟೆಯನ್ನೇ ತೆಗೆದರೆ ಊಟ ಹೇಗೆ? ಮುದ್ದೆ ಇಲ್ಲದೆ ಅಪ್ಪನಿಗೆ ದಿನ ಕಳೆಯುವುದಿಲ್ಲ. ಖಾರ ಜಾಸ್ತಿ ತಿನ್ನುತ್ತಿದ್ದರು, ಅದರಿಂದಲೇ ಬಂತಾ? ಅವರಿಗೆ ನಾವು ಇನ್ನೂ ಏನೂ ಹೇಳಿಲ್ಲ.

ಉತ್ತರ: ನಿಮ್ಮನ್ನು ಜಾಸ್ತಿ ಹೆದರಿಸಿರುವುದು ‘ಅಡ್ವಾನ್ಸ್ಡ್’ ಅನ್ನುವ ಒಂದು ಪದ. ಅದರಿಂದಲೇ ಶುರು ಮಾಡುತ್ತೇನೆ. ನಾವು ಡಾಕ್ಟರುಗಳು ಈ ಪದವನ್ನು ಎರಡು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತೇವೆ. ಯಾವ ಅರ್ಥ ಅಂತ ಬಿಡಿಸಿ ಹೇಳುವುದಿಲ್ಲ. ಮನೆಯವರು ಮಾತ್ರ ಪ್ರತಿ ಸಲವೂ ‘ಇನ್ನೇನೂ ಉಳಿದಿಲ್ಲ’ ಅಂತಲೇ ಕೇಳಿಸಿಕೊಳ್ಳುತ್ತಾರೆ.

ಜಠರದ ಗೋಡೆ ಬಾಳೆದಿಂಡಿನ ಹಾಗೆ ಪದರ ಪದರವಾಗಿರುತ್ತದೆ. ಕ್ಯಾನ್ಸರ್ ಹುಟ್ಟುವುದು ಒಳಗಿನ ಪದರದಲ್ಲಿ. ಅಲ್ಲಿಂದ ಹೊರಗಡೆಗೆ ಕೊರೆಯುತ್ತಾ ಬರುತ್ತದೆ. ಸ್ನಾಯುವಿನ ಪದರ ಹೊಕ್ಕಿದ್ದರೆ, ಅಥವಾ ಪಕ್ಕದ ಲಿಂಫ್ ಗಂಟುಗಳಿಗೆ ತಲುಪಿದ್ದರೆ, ಅದನ್ನು ‘ಅಲ್ಲೇ ಮುಂದುವರಿದ’ ಕ್ಯಾನ್ಸರ್ ಅನ್ನುತ್ತೇವೆ. ಇಲ್ಲಿ ಗುಣಪಡಿಸುವ ಗುರಿ ಇಟ್ಟುಕೊಂಡೇ ಚಿಕಿತ್ಸೆ ಕೊಡುತ್ತೇವೆ. ಲಿವರ್, ಶ್ವಾಸಕೋಶ ಅಥವಾ ಹೊಟ್ಟೆಯ ಒಳಪೊರೆಗೆ (ಜಠರದ ಒಳ ಪದರ ಅಲ್ಲ, ಕರುಳು, ಲಿವರ್ ಎಲ್ಲ ಇರುವ ಹೊಟ್ಟೆಯ ಗೂಡಿನ ತೆಳು ಪೊರೆ) ಹೋಗಿ ಕೂತಿದ್ದರೆ ಅದು ‘ದೂರ ಹರಡಿದ’ ಕ್ಯಾನ್ಸರ್. ಎರಡಕ್ಕೂ ‘ಅಡ್ವಾನ್ಸ್ಡ್’ ಎಂದೇ ಹೆಸರು, ಆದರೆ ದಾರಿ ಬೇರೆ ಬೇರೆ. ನೀವು ಬರೆದ ರಿಪೋರ್ಟಿನ ಪ್ರಕಾರ ನಿಮ್ಮ ತಂದೆ ಸದ್ಯಕ್ಕೆ ಮೊದಲನೇ ಗುಂಪಿನವರು. ಸದ್ಯಕ್ಕೆ ಎಂದು ಯಾಕೆ ಹೇಳಿದೆ ಅನ್ನುವುದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಪಕ್ಕದ ಊರಿನವರ ಕಥೆ. ಇಂಥ ಕಥೆ ಇಲ್ಲದ ಊರನ್ನು ನಾನು ಕಂಡಿಲ್ಲ. ಕಥೆ ಸುಳ್ಳಲ್ಲ, ಕಾರಣ ಮಾತ್ರ ತಲೆಕೆಳಗಾಗಿದೆ. ಕ್ಯಾನ್ಸರ್ ಜಠರದ ಹೊರ ಪದರವನ್ನೂ ತೂತು ಮಾಡಿದಾಗ ಅದರ ಕಣಗಳು ಹೊಟ್ಟೆಯೊಳಗೆ ಉದುರುತ್ತವೆ. ಬಿತ್ತಿದ ರಾಗಿಯ ಹಾಗೆ ಒಳಪೊರೆಯ ಮೇಲೆಲ್ಲ ಕೂರುತ್ತವೆ. ಗಾತ್ರವೂ ರಾಗಿ ಕಾಳಿನಷ್ಟೇ. ಇಷ್ಟು ಸಣ್ಣದನ್ನು ಸಿಟಿ ಸ್ಕ್ಯಾನ್ ಹಿಡಿಯುವುದಿಲ್ಲ. ‘ಸ್ಕ್ಯಾನ್ ಕ್ಲೀನ್ ಇದೆ’ ಅಂತ ಹೊಟ್ಟೆ ತೆರೆಯುತ್ತಾರೆ, ಒಳಗೆಲ್ಲ ಕಾಳು ಚೆಲ್ಲಿರುತ್ತದೆ. ಜಠರ ತೆಗೆದು ಪ್ರಯೋಜನ ಇಲ್ಲ ಅಂತ ಹಾಗೇ ಹೊಲಿಯುತ್ತಾರೆ. ಮೊದಲೇ ಸೊರಗಿದ ರೋಗಿ, ಈಗ ಉದ್ದನೆಯ ಗಾಯ ಬೇರೆ. ಚೇತರಿಸಿಕೊಳ್ಳಲು ತಿಂಗಳು ಹಿಡಿಯುತ್ತದೆ, ಅಷ್ಟು ಕಾಲ ಕೀಮೋ ಇಲ್ಲ. ರೋಗ ತನ್ನ ಪಾಡಿಗೆ ಬೆಳೆಯುತ್ತದೆ. ಹೊರಗಿನಿಂದ ನೋಡಿದವರಿಗೆ ‘ಕತ್ತಿ ಮುಟ್ಟಿಸಿದ್ದಕ್ಕೇ ಹರಡಿತು’ ಅನಿಸುವುದು ಸಹಜ ಅಲ್ವಾ? ಒಂದು ಮಾತು ನಿಜ: ಆಪರೇಷನ್ ಮಾಡುವಾಗ ಗಡ್ಡೆಯನ್ನು ಹರಿದರೆ, ಹಿಸುಕಿದರೆ ಕಣಗಳು ಚೆಲ್ಲಬಹುದು. ಅದಕ್ಕೇ ಗಡ್ಡೆಯನ್ನು ಮುಟ್ಟದೆ, ಸುತ್ತಲಿನ ಭಾಗದ ಸಮೇತ ಇಡಿಯಾಗಿ ತೆಗೆಯುವುದನ್ನು ವರ್ಷಗಟ್ಟಲೆ ಕಲಿಯುತ್ತೇವೆ. ಎಂಡೋಸ್ಕೋಪಿಯಲ್ಲಿ ಚಿಟಿಕೆಯಷ್ಟು ಚೂರು ತೆಗೆಯುವುದರಿಂದ ಹರಡುತ್ತದೆ ಅನ್ನುವುದಂತೂ ಸುಮ್ನೆ ಭಯ.

ಹಾಗಾದರೆ ಹೊಟ್ಟೆ ಕೊಯ್ಯದೆ ಆ ರಾಗಿ ಕಾಳನ್ನು ಹುಡುಕುವುದು ಹೇಗೆ? ಇದಕ್ಕೆ ಸ್ಟೇಜಿಂಗ್ ಲ್ಯಾಪರೋಸ್ಕೋಪಿ ಅನ್ನುವ ಪರೀಕ್ಷೆ ಇದೆ. ಹೊಕ್ಕುಳ ಹತ್ತಿರ ಬೆರಳು ತೂರುವಷ್ಟು ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ. ಒಳಪೊರೆ, ಲಿವರಿನ ಮೇಲ್ಭಾಗ, ಕರುಳಿನ ಸಂದಿ ಎಲ್ಲವನ್ನೂ ನೋಡುತ್ತಾರೆ. ಸ್ವಲ್ಪ ಸಲೈನ್ ಹಾಕಿ ತೊಳೆದು, ಆ ನೀರನ್ನು ಲ್ಯಾಬಿಗೆ ಕಳಿಸುತ್ತಾರೆ. ಬರಿಗಣ್ಣಿಗೆ ಏನೂ ಕಾಣದಿದ್ದರೂ ತೊಳೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಗಬಹುದು. ಅರಿವಳಿಕೆ ಕೊಟ್ಟು ಮಾಡಬೇಕು, ಆದರೆ ಸಾಮಾನ್ಯವಾಗಿ ಮಾರನೇ ದಿನ ಮನೆಗೆ ಹೋಗಬಹುದು. ಗಡ್ಡೆ ಆಳಕ್ಕೆ ಇಳಿದಿದ್ದು ಸ್ಕ್ಯಾನ್ ಕ್ಲೀನ್ ಇದ್ದವರಲ್ಲೂ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಹೀಗೆ ಅಡಗಿದ ಕಾಯಿಲೆ ಸಿಗುತ್ತದೆ. ನಿಮ್ಮ ಪತ್ರದಲ್ಲಿ ಈ ಪರೀಕ್ಷೆಯ ಮಾತೇ ಇಲ್ಲ. ಕೀಮೋ ಮೊದಲೋ ಕತ್ತಿ ಮೊದಲೋ ಅನ್ನುವ ಜಗಳಕ್ಕೂ ಮುಂಚೆ ಇಬ್ಬರು ಡಾಕ್ಟರನ್ನೂ ಕೇಳಬೇಕಾದ ಪ್ರಶ್ನೆ ಇದು. ‘ಸದ್ಯಕ್ಕೆ’ ಎಂದು ನಾನು ಹೇಳಿದ್ದೂ ಇದಕ್ಕೇ.

ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಎಂದು ಬಂತು ಅಂದುಕೊಳ್ಳೋಣ. ಆಗ ನಾನು ಎರಡನೇ ಡಾಕ್ಟರ ಕಡೆ.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೊಟ್ಟೆ ಕ್ಯಾನ್ಸರನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಿದ ಮೊದಲ ಸರ್ಜನ್ ವಿಯೆನ್ನಾದ ಥಿಯೋಡರ್ ಬಿಲ್‌ರೋತ್. 1881ರ ಜನವರಿ 29ರಂದು ಅವರು 43 ವರ್ಷದ ಹೆಂಗಸಿನ ಜಠರದ ಕೆಳಭಾಗ ತೆಗೆದರು, ನಿಮ್ಮ ತಂದೆಗೆ ಗಡ್ಡೆ ಇರುವ ಜಾಗವೇ. ಗಾಯ ಮಾಯಿತು, ಆಕೆ ಊಟ ಮಾಡಿದರು, ಮನೆಗೆ ಹೋದರು. ಸುಮಾರು ನಾಲ್ಕು ತಿಂಗಳ ನಂತರ ತೀರಿಕೊಂಡರು. ಕತ್ತಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕ್ಯಾನ್ಸರ್ ಅಷ್ಟರಲ್ಲೇ ಕತ್ತಿಗೆ ಸಿಗದ ಜಾಗಕ್ಕೆ ಹೋಗಿತ್ತು. ಇವತ್ತಿಗೂ ನಮ್ಮ ತೊಂದರೆ ಅದೇ. ನಾವು ತೆಗೆಯುವುದು ಕಣ್ಣಿಗೆ ಕಾಣುವುದನ್ನು. ಕಾಣದೆ ರಕ್ತದಲ್ಲಿ, ದೂರದ ಗಂಟಿನಲ್ಲಿ ಉಳಿದದ್ದಕ್ಕೆ ಔಷಧಿಯೇ ಬೇಕು.

ಆ ಔಷಧಿಯನ್ನು ಆಪರೇಷನ್ ಆದ ಮೇಲೆ ಕೊಟ್ಟರೆ ಸಾಲದೇ? ಜಠರ ತೆಗೆಸಿಕೊಂಡ ಮೇಲೆ ತೂಕ ಇಳಿದು, ಊಟ ಸೇರದೆ ಇರುವವರಿಗೆ ಪೂರ್ತಿ ಕೀಮೋ ಕೊಡುವುದು ಬಹಳ ಕಷ್ಟ. ಆಪರೇಷನ್ ನಂತರದ ಎಲ್ಲ ಡೋಸ್ ಮುಗಿಸುವವರು ಅರ್ಧದಷ್ಟೂ ಇಲ್ಲ. ಮೊದಲೇ ಕೊಟ್ಟರೆ ಬಹುತೇಕರು ಮುಗಿಸುತ್ತಾರೆ. ಗಡ್ಡೆಯೂ ಕುಗ್ಗುತ್ತದೆ, ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ತೆಗೆಯಲು ಅನುಕೂಲ. 2006ರಲ್ಲಿ ಬಂದ ಬ್ರಿಟನ್ನಿನ ‘ಮ್ಯಾಜಿಕ್’ ಅಧ್ಯಯನದಲ್ಲಿ 503 ರೋಗಿಗಳಿದ್ದರು. ಬರೀ ಆಪರೇಷನ್ ಆದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 23. ಹಿಂದೆ ಮುಂದೆ ಕೀಮೋ ಪಡೆದವರಲ್ಲಿ 36. ಆಮೇಲೆ ಜರ್ಮನಿಯವರು ಇನ್ನೂ ಗಟ್ಟಿಯಾದ ‘ಫ್ಲಾಟ್’ ಅನ್ನುವ ನಾಲ್ಕು ಔಷಧಿಗಳ ಕೂಟ ತಂದರು. ಎರಡು ವಾರಕ್ಕೊಮ್ಮೆ, ಆಪರೇಷನ್‌ಗೆ ಮೊದಲು ನಾಲ್ಕು ಸಲ, ನಂತರ ನಾಲ್ಕು ಸಲ. 2019ರಲ್ಲಿ ಬಂದ ಫಲಿತಾಂಶದಲ್ಲಿ, ಹಳೆಯ ಕೂಟದಲ್ಲಿ 35 ತಿಂಗಳಿದ್ದ ಸರಾಸರಿ ಆಯಸ್ಸು ಇದರಲ್ಲಿ 50 ತಿಂಗಳಾಗಿತ್ತು. ಇಲ್ಲಿ ಸರಾಸರಿ ಎಂದರೆ ನಟ್ಟನಡುವಿನ ಅಂಕಿ: ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಡಿಮೆ. ನಿಮ್ಮ ತಂದೆಯ ಹಣೆಯಲ್ಲಿ ಇಂತಿಷ್ಟೇ ತಿಂಗಳು ಬರೆದಿದೆ ಎಂದು ಓದಿಕೊಳ್ಳಬೇಡಿ.

ಹಾಗಂತ ಮೊದಲ ಸರ್ಜನ್ ಹೇಳಿದ್ದು ತಪ್ಪು ಎನ್ನಲಾರೆ. ಜಪಾನಿನಲ್ಲಿ ಬಹಳ ಕಾಲ ಆಪರೇಷನ್ ಮೊದಲು, ಆಮೇಲೆ ಒಂದು ವರ್ಷ ಮಾತ್ರೆಯ ಕೀಮೋ ಎನ್ನುವುದೇ ಪದ್ಧತಿ. ಅದಕ್ಕೂ ಒಳ್ಳೆಯ ಆಧಾರವಿದೆ. ಗಡ್ಡೆಯಿಂದ ಬಾಟಲಿಗಟ್ಟಲೆ ರಕ್ತ ಹೋಗುತ್ತಿದ್ದು ನಿಲ್ಲದಿದ್ದರೆ, ಜಠರ ತೂತಾಗಿದ್ದರೆ, ಕೀಮೋಗೆ ಕಾಯುವ ಹಾಗೂ ಇಲ್ಲ. ಜಠರದ ಬಾಯಿ ಪೂರ್ತಿ ಮುಚ್ಚಿ ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ಮಾತ್ರ ನಡುವಿನ ದಾರಿಗಳಿವೆ. ಗಡ್ಡೆ ದಾಟಿಸಿ ಆಹಾರದ ನಳಿಕೆ ಇಳಿಸಿ, ಇಲ್ಲವೇ ಗಡ್ಡೆಯನ್ನು ಬಿಟ್ಟು ಮೇಲಿನ ಜಠರಕ್ಕೆ ಕರುಳು ಜೋಡಿಸುವ ಬೈಪಾಸ್ ಮಾಡಿ, ಆಮೇಲೆ ಕೀಮೋ ಕೊಡಬಹುದು. ನಿಮ್ಮ ತಂದೆ ಸ್ವಲ್ಪವಾದರೂ ತಿನ್ನುತ್ತಿದ್ದಾರೆ, ರಕ್ತ ನಿಧಾನವಾಗಿ ಜಿನುಗುತ್ತಿದೆ. ರಕ್ತ ಹಾಕಿಸಿ ಹಿಮೋಗ್ಲೋಬಿನ್ ಏರಿಸಿದರೆ ಕೀಮೋ ಶುರು ಮಾಡಬಹುದು. ಕೀಮೋ ಸುಲಭ ಅಂತಲ್ಲ. ಬಿಳಿ ರಕ್ತಕಣ ಇಳಿದು ಸೋಂಕು ತಗಲಬಹುದು, ಭೇದಿ, ಬಾಯಿಹುಣ್ಣು, ಬೆರಳ ತುದಿ ಜುಮ್ಮೆನ್ನುವುದು, ವಿಪರೀತ ಸುಸ್ತು. ಜ್ವರ 100.4 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ನೂರರಲ್ಲಿ ಕೆಲವರಿಗೆ ಕೀಮೋ ನಡೆಯುವಾಗಲೇ ಕಾಯಿಲೆ ಬೆಳೆಯುತ್ತದೆ. ‘ಮೊದಲೇ ಆಪರೇಷನ್ ಮಾಡಿಸಿದ್ದರೆ’ ಎಂದು ಮನೆಯವರು ಆಗ ಕೊರಗುತ್ತಾರೆ. ಅಷ್ಟು ಜೋರಾಗಿ ಓಡುವ ಕಾಯಿಲೆಯನ್ನು ಕತ್ತಿಯೂ ಹೆಚ್ಚು ದಿನ ತಡೆಯುತ್ತಿರಲಿಲ್ಲ ಎನ್ನುವುದು ನನ್ನ ಅನುಭವ.

ಬಯಾಪ್ಸಿಯ ಚೂರಿನ ಮೇಲೆ ಇನ್ನೂ ಕೆಲವು ಪರೀಕ್ಷೆ ಮಾಡಿಸಿ: ಹರ್-2, ಎಂಎಸ್‌ಐ, ಪಿಡಿ-ಎಲ್1. ಯಾವ ಔಷಧಿ ಹಿಡಿಸಬಹುದು ಎಂದು ಹೇಳುವ ಗುರುತುಗಳಿವು. ಎಂಎಸ್‌ಐ ಹೆಚ್ಚಿದ್ದರೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಚೆನ್ನಾಗಿ ಕೆಲಸ ಮಾಡುತ್ತದೆ, ಲೆಕ್ಕಾಚಾರವೇ ಬದಲಾಗಬಹುದು.

ಇನ್ನು ಆಪರೇಷನ್. ಗಡ್ಡೆ ಕೆಳಭಾಗದಲ್ಲಿ ಇರುವುದರಿಂದ ಇಡೀ ಜಠರ ತೆಗೆಯಬೇಕಾಗಿ ಬರದೇ ಇರಬಹುದು. ಮುಕ್ಕಾಲು ಭಾಗ ತೆಗೆದು, ಉಳಿದ ಮೇಲಿನ ತುಂಡಿಗೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಮೇಲಿನವರೆಗೂ ಹಬ್ಬಿದ್ದರೆ ಪೂರ್ತಿ ತೆಗೆದು ಅನ್ನನಾಳಕ್ಕೇ ಕರುಳು ಸೇರಿಸುತ್ತಾರೆ. ಆದರೆ ಜಠರ ಎಷ್ಟು ತೆಗೆದರು ಅನ್ನುವಷ್ಟೇ ಮುಖ್ಯ, ಗಂಟುಗಳನ್ನು ಹೇಗೆ ತೆಗೆದರು ಅನ್ನುವುದು. ಜಠರಕ್ಕೆ ಅಂಟಿಕೊಂಡವಷ್ಟೇ ಅಲ್ಲ, ಅದಕ್ಕೆ ಬರುವ ರಕ್ತನಾಳಗಳ ಬುಡದವರೆಗಿನ ಗಂಟುಗಳನ್ನೂ ಬಿಡಿಸಬೇಕು. ಇದಕ್ಕೆ ‘ಡಿ-2’ ಎನ್ನುತ್ತೇವೆ.

ಡಿ-2 ಬಗ್ಗೆ ಒಂದು ಕಥೆ ಇದೆ, ನಮ್ಮ ಕಿರಿಯ ಡಾಕ್ಟರುಗಳಿಗೆ ನಾನು ತಪ್ಪದೆ ಹೇಳುತ್ತೇನೆ. ಜಪಾನಿನ ಸರ್ಜನ್‌ಗಳು ಇದನ್ನು ಸಲೀಸಾಗಿ ಮಾಡುತ್ತಿದ್ದರು. ನೆದರ್‌ಲ್ಯಾಂಡ್ಸ್‌ನವರು 1989ರಲ್ಲಿ ಡಿ-1 (ಜಠರಕ್ಕೆ ಅಂಟಿಕೊಂಡ ಗಂಟುಗಳನ್ನಷ್ಟೇ ತೆಗೆಯುವುದು), ಡಿ-2 ಎರಡನ್ನೂ ಹೋಲಿಸಿ ನೋಡಲು ಹೊರಟರು. ಡಿ-2 ಆದವರಲ್ಲಿ ಆಸ್ಪತ್ರೆಯಲ್ಲೇ ಸತ್ತವರು ನೂರಕ್ಕೆ 10, ಡಿ-1ರಲ್ಲಿ 4. ಡಿ-2 ಬೇಡ ಅಂತ ಎಲ್ಲರೂ ಕೈ ತೊಳೆದುಕೊಂಡರು. ಹದಿನೈದು ವರ್ಷ ಬಿಟ್ಟು ಅದೇ ರೋಗಿಗಳ ಲೆಕ್ಕ ತೆಗೆದರೆ, ಹೊಟ್ಟೆ ಕ್ಯಾನ್ಸರಿನಿಂದ ಸತ್ತವರು ಡಿ-1ರಲ್ಲಿ ನೂರಕ್ಕೆ 48, ಡಿ-2ರಲ್ಲಿ 37. ಆಪರೇಷನ್ ಸರಿ ಇತ್ತು. ಆಗ ಜೊತೆಗೆ ಗುಲ್ಮವನ್ನೂ ಪ್ಯಾಂಕ್ರಿಯಾಸಿನ ಬಾಲವನ್ನೂ ತೆಗೆಯುತ್ತಿದ್ದರು, ಹೆಚ್ಚಿನ ಸಾವು ಅದರಿಂದ. ಸರ್ಜನ್‌ಗಳ ಕೈಗಳೂ ಈ ಕೆಲಸಕ್ಕೆ ಹೊಸವು. ಈಗ ಅವನ್ನು ಮಾಮೂಲಿಯಾಗಿ ತೆಗೆಯುವುದಿಲ್ಲ, ಅನುಭವಿ ತಂಡಗಳಲ್ಲಿ ಆಪರೇಷನ್ನಿನ ಸಾವು ನೂರಕ್ಕೆ ಐದರ ಒಳಗಿದೆ. ಅದಕ್ಕೇ ‘ನೀವು ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ?’ ಎಂದು ಸರ್ಜನ್‌ರನ್ನು ಕೇಳಿ. ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಬೇಡಿ. ಆಪರೇಷನ್ ಆದ ಮೇಲೆ ಬರುವ ರಿಪೋರ್ಟಿನಲ್ಲಿ ಎಷ್ಟು ಗಂಟು ಪರೀಕ್ಷಿಸಿದ್ದಾರೆ ನೋಡಿ, ಕನಿಷ್ಠ 16 ಇರಬೇಕು. ಕೀಹೋಲ್, ರೋಬೋಟ್, ದೊಡ್ಡ ಗಾಯ ಇವೆಲ್ಲ ಆಮೇಲಿನ ಮಾತು. ಒಳಗೆ ಕೆಲಸ ಒಂದೇ ಆಗಬೇಕು.

ಅಪಾಯಗಳಲ್ಲಿ ನಮಗೆ ನಿದ್ದೆ ಕೆಡಿಸುವುದು ಸೋರಿಕೆ. ಹೊಲಿದ ಜಾಗ ಬಿಟ್ಟುಕೊಂಡರೆ ಜ್ವರ, ಕೀವು, ವಾರಗಟ್ಟಲೆ ಆಸ್ಪತ್ರೆ, ಕೆಲವೊಮ್ಮೆ ಇನ್ನೊಂದು ಆಪರೇಷನ್. ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಉಳಿದವು. ಬೀಡಿ, ಹೊಗೆಸೊಪ್ಪು ಇದ್ದರೆ ಇವತ್ತೇ ಬಿಡಿಸಿ. ದಿನಾ ನಡೆಸಿ. ಪ್ರೋಟೀನ್ ಹೋಗಬೇಕು: ಮೊಟ್ಟೆ, ಮೊಸರು, ಬೇಳೆಕಟ್ಟು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಏಳೆಂಟು ಸಲ. ಕೀಮೋ ನಡೆಯುವ ಎರಡು ತಿಂಗಳು ಸುಮ್ಮನೆ ಕಾಯುವ ಕಾಲ ಅಲ್ಲ, ಆಪರೇಷನ್‌ಗೆ ದೇಹ ಹದಗೊಳಿಸುವ ಕಾಲ.

ಲ್ಯಾಪರೋಸ್ಕೋಪಿಯಲ್ಲಿ ಒಳಪೊರೆಗೆ ಹರಡಿದ್ದು ಕಂಡರೆ? ಆಗ ಬಹಳ ಮನೆಯವರು ‘ಎಷ್ಟು ಆಗುತ್ತೋ ಅಷ್ಟಾದರೂ ತೆಗೆಯಿರಿ’ ಎಂದು ಕೈಮುಗಿಯುತ್ತಾರೆ. ಅವರ ಸಂಕಟ ನನಗೆ ಗೊತ್ತು. ಗಡ್ಡೆ ಹೊರಗೆ ಹೋದರೆ ಭಾರ ಇಳಿದ ಹಾಗೆ ಅನ್ನುವುದು ನಾವೂ ಹಿಂದೆ ನಂಬಿದ್ದ ಮಾತೇ. ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರದವರು ಸೇರಿ ಇದನ್ನೇ ಪರೀಕ್ಷಿಸಿದರು. ‘ರೆಗಟ್ಟಾ’ ಎಂದು ಹೆಸರು, 2016ರಲ್ಲಿ ಪ್ರಕಟವಾಯಿತು. ಒಂದೇ ಜಾಗಕ್ಕೆ ಹರಡಿದ 175 ರೋಗಿಗಳಲ್ಲಿ ಕೆಲವರಿಗೆ ಬರೀ ಕೀಮೋ, ಕೆಲವರಿಗೆ ಮೊದಲು ಜಠರ ತೆಗೆದು ಆಮೇಲೆ ಕೀಮೋ. ಎರಡು ವರ್ಷ ಬದುಕಿದವರು ಬರೀ ಕೀಮೋದಲ್ಲಿ ನೂರಕ್ಕೆ ಸುಮಾರು 32, ಆಪರೇಷನ್ ಸೇರಿದಾಗ 25. ಲಾಭ ಇಲ್ಲ ಎಂದು ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಮೊದಲು ಕೀಮೋ ಕೊಟ್ಟು ಆಮೇಲೆ ತೆಗೆದರೆ ಹೇಗೆ ಎಂದು ಜರ್ಮನಿಯಲ್ಲೂ ನೋಡಿದರು. 2024ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ, ಒಳಪೊರೆಗೆ ಹರಡಿದವರಿಗೆ ಆಪರೇಷನ್ ತೊಂದರೆಯೇ ಆಯಿತು. ದೂರದ ಲಿಂಫ್ ಗಂಟುಗಳಿಗೆ ಮಾತ್ರ ಹರಡಿದ್ದವರಲ್ಲಿ ಸ್ವಲ್ಪ ಆಸೆ ಕಂಡಿತು. ಹೊಟ್ಟೆಯೊಳಗೆ ಬಿಸಿ ಕೀಮೋ ಹರಿಸುವ ‘ಹೈಪೆಕ್’ ಬಗ್ಗೆ ಯಾರಾದರೂ ಹೇಳಿದರೆ, ಹೊಟ್ಟೆ ಕ್ಯಾನ್ಸರಿನಲ್ಲಿ ಅದು ಆಯಸ್ಸು ಹೆಚ್ಚಿಸುತ್ತದೆ ಎನ್ನುವುದು ಇನ್ನೂ ಗಟ್ಟಿಯಾಗಿಲ್ಲ ಎಂದು ತಿಳಿದುಕೊಂಡು ಮುಂದುವರಿಯಿರಿ. ಅಂಥ ಹೊತ್ತಿನಲ್ಲಿ ‘ಆಪರೇಷನ್ ಬೇಡ’ ಅನ್ನುವ ಡಾಕ್ಟರು ಕೈಬಿಟ್ಟರು ಅಂದುಕೊಳ್ಳಬೇಡಿ. ಜಠರದ ಬಾಯಿ ಕಟ್ಟಿದರೆ ಸ್ಟೆಂಟ್ ಅಥವಾ ಬೈಪಾಸ್, ರಕ್ತ ಜಿನುಗಿದರೆ ಕೆಲವು ದಿನ ರೇಡಿಯೇಷನ್, ಜೊತೆಗೆ ಔಷಧಿ. ಮಾಡುವುದು ಇದ್ದೇ ಇರುತ್ತದೆ. ಔಷಧಿಗೆ ಒಳಪೊರೆಯ ಕಾಳುಗಳು ಪೂರ್ತಿ ಕರಗಿ, ಮತ್ತೆ ಲ್ಯಾಪರೋಸ್ಕೋಪಿ ಮಾಡಿ, ಆಮೇಲೆ ಆಪರೇಷನ್ ಆದವರೂ ಇದ್ದಾರೆ. ಅಂಥವರು ಕಡಿಮೆ.

ಖಾರದ ಮಾತು ಬೇಗ ಮುಗಿಸುತ್ತೇನೆ. ಖಾರವನ್ನೇ ಹಿಡಿದು ದೂರಲು ಗಟ್ಟಿ ಆಧಾರ ಇಲ್ಲ. ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಹೊಟ್ಟೆ ಸೇರಿ ದಶಕಗಟ್ಟಲೆ ಕೂತಿರುತ್ತದೆ. ಹಾಗೆ ಇರುವವರಲ್ಲಿ ಕ್ಯಾನ್ಸರ್ ಆಗುವುದು ಕೆಲವರಿಗೆ ಮಾತ್ರ. ಜೊತೆಗೆ ತಂಬಾಕು, ಉಪ್ಪಿನಲ್ಲಿ ಹಾಕಿಟ್ಟ, ಹೊಗೆ ಹಾಕಿದ ಆಹಾರ. ನೀವೂ ನಿಮ್ಮ ಒಡಹುಟ್ಟಿದವರೂ ಒಮ್ಮೆ ಈ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ, ಇದ್ದರೆ ಎರಡು ವಾರದ ಮಾತ್ರೆ ಸಾಕು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದ ಆರು ತಿಂಗಳ ಬಗ್ಗೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಆ ಮಾತ್ರೆ ಕ್ಯಾನ್ಸರಿನ ಹುಣ್ಣಿನ ಉರಿಯನ್ನೂ ಕಡಿಮೆ ಮಾಡುತ್ತದೆ, ಅನೇಕ ಸಲ ನಮ್ಮವರೇ ಮೋಸ ಹೋಗುತ್ತಾರೆ.

ಊಟದ ವಿಷಯ. ಹೊಟ್ಟೆ ಇಲ್ಲದೆ ಬದುಕಬಹುದು. ಅರಗಿಸುವ ಕೆಲಸ ಹೆಚ್ಚಾಗಿ ನಡೆಯುವುದು ಸಣ್ಣ ಕರುಳಿನಲ್ಲಿ, ಜಠರ ಒಂದು ಉಗ್ರಾಣ ಮತ್ತು ಒರಳು. ಉಗ್ರಾಣ ಹೋದ ಮೇಲೆ ಒಂದೇ ಸಲ ತುಂಬಿಸುವ ಹಾಗಿಲ್ಲ. ಒರಳು ಹೋದ ಮೇಲೆ ಆ ಕೆಲಸ ಹಲ್ಲೇ ಮಾಡಬೇಕು. ಮುದ್ದೆಯ ತೊಂದರೆ ಇರುವುದು ಇಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಮೊದಲ ಕೆಲವು ವಾರ ರಾಗಿ ಗಂಜಿ, ಅಂಬಲಿ. ಆಮೇಲೆ ಮೆತ್ತಗಿನ ಮುದ್ದೆ, ನೆಲ್ಲಿಕಾಯಿ ಗಾತ್ರದ ತುತ್ತು, ಅಗಿದು ತಿನ್ನಬೇಕು. ಮುದ್ದೆಯನ್ನು ಅಗಿಯುವುದು ಅವಮಾನ ಅಂತ ಜಗಳ ಮಾಡಿದ ಹಿರಿಯರೊಬ್ಬರು ನನಗೆ ಇನ್ನೂ ನೆನಪಿದ್ದಾರೆ. ಕೊನೆಗೆ ಒಪ್ಪಿಕೊಂಡರು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಪಾನಕ, ಪಾಯಸ, ಹಣ್ಣಿನ ಜ್ಯೂಸ್ ಒಮ್ಮೆಲೇ ಕರುಳಿಗೆ ನುಗ್ಗಿದರೆ ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಆಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಊಟವಾಗಿ ಒಂದೆರಡು ಗಂಟೆ ಬಿಟ್ಟು ಸಕ್ಕರೆ ಇಳಿದು ಕೈಕಾಲು ನಡುಗುವುದೂ ಉಂಟು. ಹೆದರಬೇಕಿಲ್ಲ, ತಿನ್ನುವ ರೀತಿ ಬದಲಿಸಿದರೆ ಬಹುತೇಕ ಹತೋಟಿಗೆ ಬರುತ್ತದೆ. ಪೂರ್ತಿ ಜಠರ ತೆಗೆದರೆ ಬಿ-12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಭಾಗ ತೆಗೆದರೂ ಆಗಾಗ ಬಿ-12 ಮತ್ತು ಕಬ್ಬಿಣದ ಮಟ್ಟ ನೋಡಿಸಬೇಕು. ತೋಟಕ್ಕೆ ಹೋಗಬಹುದು. ಮೊದಲಿನ ತೂಕ ಮಾತ್ರ ವಾಪಸ್ ಬರುವುದು ಕಡಿಮೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್ ಆದರೆ ಖರ್ಚಿನ ಶೇ 30, ಗರಿಷ್ಠ 1.5 ಲಕ್ಷ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಎಲ್ಲೇ ಹೋದರೂ ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಒಟ್ಟಿಗೆ ಕೂತು ನಿಮ್ಮ ತಂದೆಯ ಸ್ಕ್ಯಾನ್ ನೋಡುವ ಜಾಗ ಆಗಿರಲಿ. ನೀವು ಇಬ್ಬರ ನಡುವೆ ಓಡಾಡುವ ಬದಲು ಅವರಿಬ್ಬರೇ ಮಾತಾಡಿಕೊಳ್ಳಲಿ. ಇದಕ್ಕೆಲ್ಲ ಎರಡು ಮೂರು ವಾರ ಹಿಡಿದರೆ ಗಾಬರಿ ಬೇಡ, ಅಷ್ಟರಲ್ಲಿ ಏನೂ ಕೈ ಮೀರುವುದಿಲ್ಲ. ಮೂರು ತಿಂಗಳು ನಾಟಿ ಔಷಧಿ ನೋಡಿ ಬರುತ್ತೇವೆ ಅಂದರೆ ಮಾತ್ರ ಕೈ ಮೀರಬಹುದು.

ಕೊನೆಯದು, ಅಪ್ಪನಿಗೆ ಹೇಳುವುದು. ಬಾಯಿಗೆ ಪೈಪು ಹಾಕಿಸಿಕೊಂಡು, ಸ್ಕ್ಯಾನ್ ಮಾಡಿಸಿಕೊಂಡು, ಮನೆಯವರೆಲ್ಲ ಪಕ್ಕದ ಕೋಣೆಯಲ್ಲಿ ಪಿಸುಗುಟ್ಟುವುದನ್ನು ನೋಡಿದವರಿಗೆ ಏನೂ ಗೊತ್ತಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ, ಅಷ್ಟೆ. ಆರು ತಿಂಗಳ ಚಿಕಿತ್ಸೆ ಇದು, ಸಹಿ ಹಾಕಬೇಕಾದವರು ಅವರೇ. ‘ಹೊಟ್ಟೆಯಲ್ಲಿ ಗಡ್ಡೆ ಇದೆ, ಕ್ಯಾನ್ಸರ್, ಸದ್ಯ ಕಂಡ ಮಟ್ಟಿಗೆ ಬೇರೆ ಕಡೆ ಹೋಗಿಲ್ಲ, ಔಷಧಿ ಕೊಟ್ಟು ಆಮೇಲೆ ತೆಗೆಯುತ್ತಾರಂತೆ’ ಅಂದರೆ ಇವತ್ತಿಗೆ ಸಾಕು. ಉಳಿದದ್ದನ್ನು ಅವರೇ ಕೇಳುತ್ತಾರೆ, ಕೇಳಿದಷ್ಟಕ್ಕೆ ಉತ್ತರ ಕೊಡಿ. ನಿಮ್ಮ ಬಾಯಲ್ಲಿ ಬರದಿದ್ದರೆ ಡಾಕ್ಟರಿಗೆ ಹೇಳಿ, ನೀವು ಪಕ್ಕದಲ್ಲಿ ಕೂತಿರಿ. ಕೀಮೋ ವಾರ್ಡಿನ ಬಾಗಿಲ ಮೇಲಿನ ಬೋರ್ಡು ಓದಿ ಅವರು ಒಬ್ಬರೇ ತಿಳಿದುಕೊಳ್ಳುವ ಹಾಗೆ ಮಾತ್ರ ಮಾಡಬೇಡಿ.